ಜೋಂಟ್‌ಹೋಫೆನ್ ಸೆರೆಮನೆಯಲ್ಲ, ಶಾಲೆ

ಪ್ರಶ್ನೆ: ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಬವೇರಿಯಾದ ಜೋಂಟ್‌ಹೋಫೆನ್‌ನಲ್ಲಿ ಅಮೆರಿಕದ ಮಿಲಿಟರಿ ಪೊಲೀಸ್ ಶಿಬಿರವಿತ್ತಂತೆ. ನಾಜಿ ಕೈದಿಗಳನ್ನು ಅಲ್ಲೇ ಕೂಡಿಹಾಕಿದ್ದರೇ?

ಇಲ್ಲ. ಎಷ್ಟು ಸಲ ಕೇಳಿದರೂ ಉತ್ತರ ಇದೇ. ‘ಕ್ಯಾಂಪ್’ ಎಂದ ಕೂಡಲೇ ಮುಳ್ಳುತಂತಿ, ಕೈದಿಗಳು ಎಂದು ಕಥೆ ಕಟ್ಟುವವರನ್ನು ದಯವಿಟ್ಟು ನಂಬಬೇಡಿ. ಯುದ್ಧಾಪರಾಧದ ಆರೋಪಿಗಳನ್ನು ಇಟ್ಟಿದ್ದು ಹಿಂದೆ ನಾಜಿಗಳ ಸೆರೆಶಿಬಿರವಾಗಿದ್ದ ಡಾಖಾವ್‌ನಂಥ ಕಡೆ. ನೆಲೆ ತಪ್ಪಿದ ಪರದೇಶದವರ ಶಿಬಿರಗಳು ಬೇರೆಯೇ ಇದ್ದವು. ಜೋಂಟ್‌ಹೋಫೆನ್‌ನಲ್ಲಿ ಇದ್ದದ್ದು, ಜರ್ಮನಿಯಲ್ಲಿ ತನ್ನ ವಶದಲ್ಲಿದ್ದ ಭಾಗವನ್ನು ಕಾಯಲು ಅಮೆರಿಕದ ಸೇನೆ ಕಟ್ಟಿದ ಕಾನ್‌ಸ್ಟ್ಯಾಬ್ಯುಲರಿ ಎಂಬ ಹೊಸ ಪಡೆಯ ಶಾಲೆ. ನಾಜಿ ಪಕ್ಷ ತನ್ನ ಮುಂದಿನ ಮುಖಂಡರನ್ನು ತಯಾರು ಮಾಡಲೆಂದು 1934ರಿಂದ ಕಟ್ಟಿಸಿದ ಕೋಟೆಯಲ್ಲೇ 1946ರಲ್ಲಿ ಅದು ಶುರುವಾಯಿತು.

ಶಾಲೆ ಯಾಕೆ ಬೇಕಾಯಿತು? ಯುದ್ಧಕ್ಕೆ ತಯಾರಾದ ಸೈನಿಕನಿಗೆ ಗುಂಡು ಹಾರಿಸುವುದು ಗೊತ್ತು, ಮನೆ ಶೋಧಿಸುವುದು ಗೊತ್ತಿಲ್ಲ. ಹಾಗಾಗಿ ಬಂಧನದ ಕ್ರಮ, ಬರಿಗೈಯಲ್ಲಿ ಆತ್ಮರಕ್ಷಣೆ, ಜರ್ಮನಿಯ ಇತಿಹಾಸ, ಭೂಗೋಳ, ರಾಜಕೀಯ ಎಲ್ಲವನ್ನೂ ಅಲ್ಲಿ ಕಲಿಸಿದರು. ಮೇಜರ್ ಜನರಲ್ ಅರ್ನೆಸ್ಟ್ ಹಾರ್ಮನ್ ಕೈಕೆಳಗೆ, ಬಾಂಬರ್ಗ್ ಕೇಂದ್ರವಾಗಿ, ಈ ಪಡೆ 1946ರ ಜುಲೈ 1ರಂದು ಕೆಲಸಕ್ಕಿಳಿಯಿತು. ಒಂದೊಂದು ರೆಜಿಮೆಂಟಿಗೆ ಜೀಪು, ಕವಚದ ಗಾಡಿಗಳಲ್ಲದೆ ಹಗುರ ಟ್ಯಾಂಕುಗಳ ಒಂದು ಕಂಪನಿ, 30 ಕುದುರೆ, 25 ಮೋಟಾರ್‌ಸೈಕಲ್, 9 ಸಣ್ಣ ವಿಮಾನ. ಕುದುರೆಯನ್ನು ಮೆರವಣಿಗೆಗೆ ಇಟ್ಟಿದ್ದಲ್ಲ. ಜೀಪು ಹತ್ತದ ಗುಡ್ಡಗಾಡಿನಲ್ಲಿ ಗಸ್ತಿಗೆ ಅದೇ ಗತಿ.

ಕಾಳಸಂತೆಯ ಮಾಲು ಹಿಡಿಯಲು ನಡೆಸುತ್ತಿದ್ದ ದಾಳಿಯ ಕ್ರಮ ಹೀಗೆ: ನಸುಕಿಗೆ ಮೊದಲೇ ಜಾಗವನ್ನು ಸುತ್ತುವರಿದು ಹೊರದಾರಿಗಳನ್ನೆಲ್ಲ ಮುಚ್ಚುವುದು, ಆಮೇಲೆ ಗುರುತಿನ ಚೀಟಿ ನೋಡುವುದು, ಕೊನೆಗೆ ಕೋಣೆ ಕೋಣೆ ಶೋಧಿಸುವುದು. ಸುದ್ದಿ ಮೊದಲೇ ಸೋರಿದರೆ ಮಾಲು ಮಾಯ. ಇನ್ನೂ ದೊಡ್ಡ ತೊಡಕೆಂದರೆ ಪಳಗಿದವರು ಅವಧಿ ಮುಗಿಸಿ ಊರಿಗೆ ಹೋಗುತ್ತಿದ್ದರು, ಅವರ ಜಾಗಕ್ಕೆ ಏನೂ ತಿಳಿಯದ ಹುಡುಗರು ಬರುತ್ತಿದ್ದರು. ದಾಳಿಯಿಂದಲೇ ಕಾಳಸಂತೆ ನಿಂತಿತು ಎನ್ನುವುದೂ ತಪ್ಪು. ಜರ್ಮನಿಯ ಹಳೆಯ ಹಣ ರೈಷ್‌ಮಾರ್ಕಿಗೆ ಬೆಲೆಯೇ ಇಲ್ಲದೆ ಸಿಗರೇಟೇ ದುಡ್ಡಾಗಿದ್ದಾಗ ಯಾವ ಪೊಲೀಸ್ ತಾನೆ ಏನು ಮಾಡಿಯಾನು? 1948ರ ಜೂನ್ 20ರಂದು ಹೊಸ ಹಣ ಡಾಯ್ಚ್‌ಮಾರ್ಕ್ ಬಂದ ಮೇಲೆಯೇ ಅದರ ಬೆನ್ನು ಮುರಿದದ್ದು.

ಪ್ರಶ್ನೆ: ಕಾನ್‌ಸ್ಟ್ಯಾಬ್ಯುಲರಿ ಅಂದರೆ ಎಂ.ಪಿ.ಗಳೇ (ಮಿಲಿಟರಿ ಪೊಲೀಸರೇ) ಅಲ್ಲವೇ?

ಅಲ್ಲ. ಎಂ.ಪಿ.ಗಳ ಮುಖ್ಯ ಕೆಲಸ ತಮ್ಮದೇ ಸೈನಿಕರನ್ನು ಹದ್ದುಬಸ್ತಿನಲ್ಲಿಡುವುದು. ಇವರದು ಗಡಿ, ರಸ್ತೆ, ಊರು, ಶಿಬಿರಗಳ ಕಾವಲು.

ಪ್ರಶ್ನೆ: ಮಿಂಚಿನ ಗುರುತಿರುವ ತೋಳುಪಟ್ಟಿಯನ್ನು ನಾಜಿಗಳ ಪಡೆಯಾದ ‘ಎಸ್‌ಎಸ್’ನದೆಂದು ಮಾರುತ್ತಿದ್ದಾರೆ. ಕೊಳ್ಳಬಹುದೇ?

ದುಡ್ಡು ಕೊಡುವ ಮುನ್ನ ಕಣ್ಣಿಟ್ಟು ನೋಡಿ. ನೀಲಿ ಅಂಚಿನ ಹಳದಿ ದುಂಡು, ನಡುವೆ ನೀಲಿ ‘ಸಿ’, ಅದರ ಮೇಲೆ ಕೆಂಪು ಮಿಂಚು ಇದ್ದರೆ ಅದು ಕಾನ್‌ಸ್ಟ್ಯಾಬ್ಯುಲರಿಯದು. ಹಳದಿ ಅಶ್ವದಳಕ್ಕೆ, ನೀಲಿ ಪದಾತಿದಳಕ್ಕೆ, ಕೆಂಪು ಫಿರಂಗಿದಳಕ್ಕೆ. ‘ಎಸ್‌ಎಸ್’ ಎಂದು ಮಾರುವವನು ವಂಚಕ, ಅವನಲ್ಲಿ ಬೇರೇನನ್ನೂ ಕೊಳ್ಳಬೇಡಿ.

ಪ್ರಶ್ನೆ: ಜನರಲ್ ತಿಮ್ಮಯ್ಯ ಈ ಪಡೆಯಲ್ಲಿದ್ದರೇ?

ಇಲ್ಲ. ಕೊಡಗಿನ ತಿಮ್ಮಯ್ಯನವರು ಭಾರತದ 268ನೇ ಬ್ರಿಗೇಡ್ ಮುನ್ನಡೆಸಿದ್ದು ಜಪಾನಿನಲ್ಲಿ, ಕಾಮನ್‌ವೆಲ್ತ್ ಪಡೆಯ ಭಾಗವಾಗಿ.