ಹಬ್ಬ ಹತ್ತಿರ ಬಂದರೂ ಚರ್ಚು ಯಾಕೆ ಬಿಕೋ ಎನ್ನುತ್ತೆ?

ಪ್ರಶ್ನೆ: ಈಸ್ಟರ್‌ಗೆ ಹತ್ತು ದಿನ ಇರುವಾಗ ಗೆಳತಿಯ ಜೊತೆ ಕಥೋಲಿಕರ ಚರ್ಚಿಗೆ ಹೋಗಿದ್ದೆ. ಹಬ್ಬ ಬಂತೆಂದರೆ ನಮ್ಮೂರ ಗುಡಿಗೆ ಸುಣ್ಣಬಣ್ಣ, ತೋರಣ. ಅಲ್ಲಿ ನೋಡಿದರೆ ಒಂದು ಹೂವೂ ಇಲ್ಲ. ಶಿಲುಬೆಗೂ ಪ್ರತಿಮೆಗಳಿಗೂ ನೇರಳೆ ಬಟ್ಟೆ ಮುಚ್ಚಿದ್ದರು. ಇದ್ಯಾಕೆ? ನಲವತ್ತು ದಿನದ ವ್ರತ ಅಂತಾರೆ, ಕ್ಯಾಲೆಂಡರಿನಲ್ಲಿ ಎಣಿಸಿದರೆ 46 ಬರುತ್ತೆ. ಲೆಕ್ಕ ತಪ್ಪಾ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಲೆಕ್ಕ ಮುಗಿಸಿಬಿಡೋಣ. 2026ರದ್ದೇ ತಗೊಳ್ಳಿ. ವ್ರತ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 18, ಈಸ್ಟರ್ ಏಪ್ರಿಲ್ 5. ಹಿಂದಿನ ದಿನದ ಶನಿವಾರದ ತನಕ 46 ದಿನ. ಅದರಲ್ಲಿ ಆರು ಭಾನುವಾರ ಕಳೆಯಿರಿ. ಭಾನುವಾರ ಕ್ರಿಸ್ತ ಸಾವಿನಿಂದ ಎದ್ದು ಬಂದ ದಿನ, ಅವತ್ತು ಉಪವಾಸ ಇಲ್ಲ. ಉಳಿದದ್ದು 40, ಯೇಸು ಮರುಭೂಮಿಯಲ್ಲಿ ಉಪವಾಸವಿದ್ದಷ್ಟು ದಿನ. ಕನ್ನಡ ಕಥೋಲಿಕರು ಇದಕ್ಕೆ ತಪಸ್ಸು ಕಾಲ ಅಂತಾರೆ. ಎಂಥ ಒಳ್ಳೆ ಹೆಸರು, ಅಲ್ವಾ?

ಈಗ ನಿಮ್ಮ ನೇರಳೆ ಬಟ್ಟೆ. ಈ ಕಾಲದಲ್ಲಿ ಹೊಟ್ಟೆಗಷ್ಟೇ ಅಲ್ಲ, ಕಣ್ಣಿಗೂ ಕಿವಿಗೂ ಉಪವಾಸ. ಪೀಠದ ಮೇಲೆ ಹೂವಿಲ್ಲ. ಪೂಜೆಯಲ್ಲಿ ‘ಅಲ್ಲೆಲೂಯ’ ಎಂಬ ಸಂತಸದ ಸ್ತುತಿ ಹಾಡುವುದಿಲ್ಲ. ಐದನೇ ಭಾನುವಾರದ ಹೊತ್ತಿಗೆ ಪ್ರತಿಮೆಗಳೂ ಮರೆಯಾಗುತ್ತವೆ. ಎಲ್ಲ ಚರ್ಚಿನಲ್ಲೂ ಹೀಗೆ ಮುಚ್ಚಲೇಬೇಕೆಂದಿಲ್ಲ, ನೀವು ಹೋದ ಕಡೆ ರೂಢಿ ಉಳಿಸಿಕೊಂಡಿದ್ದಾರೆ. ದಿನಾ ನೋಡುವ ಶಿಲುಬೆಯನ್ನು ನಾವು ನಿಜಕ್ಕೂ ನೋಡುವುದೇ ಇಲ್ಲ. ಮುಚ್ಚಿದ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತೆ. ನಿಮಗೂ ಹಾಗೇ ಆಗಿದ್ದಕ್ಕೆ ತಾನೇ ಈ ಪತ್ರ?

ಶಿಲುಬೆಯ ಬಟ್ಟೆ ಸರಿಯುವುದು ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೆ. ಗುರುಗಳು ಒಂದೇ ಸಲಕ್ಕೆ ಎಳೆಯುವುದಿಲ್ಲ. ಮೂರು ಹಂತದಲ್ಲಿ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾರೆ, ಪ್ರತಿ ಸಲವೂ ಒಂದು ಸಾಲು ಹಾಡುತ್ತಾರೆ, ಜನ ಮಂಡಿಯೂರುತ್ತಾರೆ. ಆಮೇಲೆ ಒಬ್ಬೊಬ್ಬರೇ ಬಂದು ಶಿಲುಬೆಗೆ ಮುತ್ತಿಡುತ್ತಾರೆ. ವರ್ಷದಲ್ಲಿ ಬಲಿಪೂಜೆಯೇ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಮುಖ್ಯ ಪೂಜೆ) ಇಲ್ಲದ ದಿನ ಅದು. ಪರಮ ಪ್ರಸಾದ, ಅಂದರೆ ಪವಿತ್ರಗೊಳಿಸಿದ ರೊಟ್ಟಿ, ಕೊಡುತ್ತಾರೆ, ಆದರೆ ಅದು ಹಿಂದಿನ ಸಂಜೆಯ ಪೂಜೆಯಲ್ಲಿ ಎತ್ತಿಟ್ಟಿದ್ದು.

ಗಂಟೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರ ಸಂಜೆ ಜೋರಾಗಿ ಬಾರಿಸಿ ನಿಲ್ಲಿಸಿದರೆ, ಮತ್ತೆ ದನಿ ಬರುವುದು ಶನಿವಾರ ರಾತ್ರಿಯೇ. ನಡುವೆ ಮರಕ್ಕೆ ಮರ ಬಡಿಯುವ ಕಟಕಟ ಸದ್ದು. ಕಿವಿಗೆ ಅಷ್ಟೇನೂ ಹಿತವಲ್ಲ!

ನನಗೆ ಜಾಸ್ತಿ ಇಷ್ಟವಾದದ್ದು ಬೂದಿಯ ಕತೆ. ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರ ನಮ್ಮ ಕಡೆ ಕೈಗೆ ಕೊಡುವುದು ಸಾಮಾನ್ಯವಾಗಿ ಎಳೆ ತೆಂಗಿನ ಗರಿ. ಮಕ್ಕಳು ಅಲ್ಲೇ ಕೂತು ಅದನ್ನು ಮಡಚಿ ಪುಟ್ಟ ಶಿಲುಬೆ ಮಾಡುತ್ತಾರೆ. ಮನೆಗೆ ಬಂದು ದೇವರ ಪಟದ ಹಿಂದೆ ಸಿಕ್ಕಿಸಿದರೆ ವರ್ಷವಿಡೀ ಅಲ್ಲೇ ಇರುತ್ತೆ. ಒಣಗಿ, ಕಂದಾಗಿ, ಮುಟ್ಟಿದರೆ ಪುಡಿಯಾಗುವಂತಾದಾಗ ಚರ್ಚಿಗೆ ವಾಪಸ್. ಅದನ್ನು ಸುಟ್ಟ ಬೂದಿಯೇ ಮುಂದಿನ ಬೂದಿ ಬುಧವಾರ ಹಣೆಗೆ. ‘ಮಣ್ಣಿನಿಂದ ಬಂದವನು ಮಣ್ಣಿಗೇ ಸೇರುತ್ತೀ’ ಎಂಬ ಅರ್ಥದ ಮಾತು ಹೇಳಿ ಹಚ್ಚುತ್ತಾರೆ. ಹೋದ ವರ್ಷ ಜೈಕಾರ ಹಾಕುತ್ತಾ ಬೀಸಿದ ಗರಿಯೇ ಈ ವರ್ಷ ಹಣೆಯ ಮೇಲೆ ಕಪ್ಪು ಗುರುತು.

ಮುಂದಿನ ಸಲ ಗೆಳತಿ ಕರೆದರೆ ಶನಿವಾರ ರಾತ್ರಿಯ ಪಾಸ್ಕ (ಈಸ್ಟರ್) ಜಾಗರಣೆಗೆ ಹೋಗಿ. ದೀಪ ಎಲ್ಲ ಆರಿಸಿರುತ್ತಾರೆ. ಹೊರಗೆ ಹೊಸ ಬೆಂಕಿ ಹಚ್ಚಿ, ಅದರಿಂದ ದೊಡ್ಡ ಪಾಸ್ಕ ಮೇಣದ ಬತ್ತಿ ಹೊತ್ತಿಸುತ್ತಾರೆ. ಅದರ ಮೇಲೆ ಆ ವರ್ಷದ ನಾಲ್ಕು ಅಂಕಿ, ಯೇಸುವಿನ ಐದು ಗಾಯಗಳಿಗೆ ಐದು ಧೂಪದ ಕಾಳು ಇರುತ್ತವೆ. ಅಲ್ಲಿಂದ ಬೆಳಕು ಬತ್ತಿಯಿಂದ ಬತ್ತಿಗೆ, ಕೈಯಿಂದ ಕೈಗೆ ಹರಡುತ್ತೆ. ನಿಮಗೂ ಒಂದು ಬತ್ತಿ ಕೊಡುತ್ತಾರೆ. ಬುಡಕ್ಕೆ ರಟ್ಟಿನ ತುಂಡು ಸಿಕ್ಕಿಸಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಮೇಣ ಕೈಮೇಲೇ ಬೀಳುತ್ತೆ.

– ಸಂಪಾದಕ