ಅಲೆಯಿಲ್ಲ ಅಂತ ಸರೋವರವನ್ನು ನಂಬಬಹುದಾ?

ಚಿಕ್ಕ ಮಕ್ಕಳಿಬ್ಬರನ್ನು ಕರ್ಕೊಂಡು ಭಾನುವಾರ ಸರೋವರದ ಮರಳು ದಂಡೆಗೆ ಹೋಗ್ತಿದ್ದೀರಿ. ಸಮುದ್ರದ ಹಾಗೆ ಅಲೆಯಿಲ್ಲವಲ್ಲ, ಭಯ ಬೇಡ ತಾನೇ, ಜನಜಂಗುಳಿ ತಪ್ಪಿಸೋದು ಹೇಗೆ ಅಂತ ಕೇಳಿದ್ದೀರಿ.

ಜಂಗುಳಿಯ ಮಾತು ಬೇಗ ಮುಗಿಸ್ತೀನಿ. ಬೆಳಗ್ಗೆ 8ಕ್ಕೆ ಅಲ್ಲಿರಿ, 11ಕ್ಕೆ ಗಂಟುಮೂಟೆ ಕಟ್ಟಿ. ನೆರಳು ಮೊದಲು ಬಂದವರ ಪಾಲು. ಹೇಗೂ ನಡುಹಗಲಿನ ಬಿಸಿಲು ಚರ್ಮಕ್ಕೆ ಕೆಟ್ಟದ್ದು, ಅಷ್ಟು ಹೊತ್ತಿಗೆ ಮರಳು ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡೋಕೂ ಬಿಡಲ್ಲ.

ಅಲೆಯ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ನಾನೂ ನಿಮ್ಮ ಹಾಗೇ ನಂಬಿಕೊಂಡಿದ್ದವನು. ಒಂದು ಬೇಸಿಗೆ ಅಕ್ಕನ ಮಗನನ್ನು ಕರ್ಕೊಂಡು ಹೋಗಿದ್ದೆ. ನೀರು ಕನ್ನಡಿ. ಅವನ ಹಳದಿ ಬಾತುಕೋಳಿ ಟ್ಯೂಬ್ ಕೈ ಜಾರಿ ತೇಲಿತು. ನಾಲ್ಕು ಕೈ ಬೀಸಿದರೆ ಸಿಗುತ್ತೆ ಅಂತ ಹೊರಟೆ. ಅದು ಪ್ರತಿ ಸಲವೂ ಬೆರಳ ತುದಿಗೆ ತಾಕಿ ಒಂದು ಮಾರು ಮುಂದೆ. ತಿರುಗಿ ನೋಡಿದರೆ ದಡದ ಕೊಡೆಗಳು ಹೆಬ್ಬೆರಳಿನ ಉಗುರಿನಷ್ಟು! ಟ್ಯೂಬಿನ ಆಸೆ ಬಿಟ್ಟು ಹಿಂದಿರುಗುವಾಗ ಮುಖಕ್ಕೇ ಗಾಳಿ, ಬಾಯಿ ತುಂಬ ನೀರು. ದಡ ಮುಟ್ಟಿದಾಗ ಮಂಡಿ ನಡುಗ್ತಿತ್ತು. ಬಾತುಕೋಳಿ ಆಚೆ ದಡ ಸೇರಿತಾ ಅಂತ ಹುಡುಗ ಈಗಲೂ ಕೇಳ್ತಾನೆ.

ಆಮೇಲೆ ಯೋಚಿಸಿದಾಗ ಗೊತ್ತಾಯ್ತು, ಮೋಸ ಮಾಡಿದ್ದು ಆ ಕನ್ನಡಿಯೇ. ಅಲೆ ಏಳೋಕೆ ಗಾಳಿ ನೀರಿನ ಮೇಲೆ ಒಂದಷ್ಟು ದೂರ ಓಡಬೇಕು. ನೆಲದ ಕಡೆಯಿಂದ ನೀರಿನತ್ತ ಬೀಸುವ ಗಾಳಿಗೆ ದಡದ ಹತ್ತಿರ ಆ ದೂರವೇ ಸಿಗಲ್ಲ. ಹಾಗಾಗಿ ತೇಲುವುದನ್ನೆಲ್ಲ ಒಳಕ್ಕೆ ಒಯ್ಯುವ ದಿನವೇ ನೀರು ಸಾಧುವಾಗಿ ಕಾಣೋದು. ಅದೇ ಗಾಳಿ ಮೇಲಿನ ಬೆಚ್ಚನೆ ನೀರನ್ನೂ ಆಚೆ ತಳ್ಳುತ್ತೆ, ಅಡಿಯಿಂದ ತಣ್ಣೀರು ಮೇಲೇಳುತ್ತೆ. ದೊಡ್ಡ ಸರೋವರಗಳಲ್ಲಿ ನಿನ್ನೆ ಹಿತವಾಗಿದ್ದ ನೀರು ಇವತ್ತು ಮೈ ಮರಗಟ್ಟಿಸುವುದು ಹೀಗೆ.

ಅದಕ್ಕೆ ಚಾಪೆ ಹಾಸುವ ಮೊದಲೇ ಒಂದು ಹಿಡಿ ಒಣ ಮರಳನ್ನು ಭುಜದೆತ್ತರದಿಂದ ಸುರಿದು ನೋಡ್ತೀನಿ. ನೀರಿನ ಕಡೆ ಹಾರಿತೋ, ಅವತ್ತು ಟ್ಯೂಬ್ ಕಾರಿನಲ್ಲೇ ಇರುತ್ತೆ. ದಡದ ಕಡೆ ಹಾರಿತೋ, ತೇಲಿದ್ದು ವಾಪಸ್ ಬರುತ್ತೆ, ಆದರೆ ಪಾಚಿಯೂ ಬರುತ್ತೆ. ಹಸಿರು ಪೇಂಟ್ ಚೆಲ್ಲಿದ ಹಾಗೆ ನೀರಿನ ಅಂಚಿನಲ್ಲಿ ಕೆನೆಗಟ್ಟಿದ್ದರೆ ಮಕ್ಕಳನ್ನೂ ನಾಯಿಯನ್ನೂ ಇಳಿಸಲೇಬೇಡಿ, ಅದರಲ್ಲಿ ವಿಷವಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗಲ್ಲ. ಬಿಸಿಲೇರಿದಂತೆ ಗಾಳಿ ದಿಕ್ಕು ಬದಲಾಗೋದುಂಟು, ನಡುವೆ ಇನ್ನೊಂದು ಹಿಡಿ ಮರಳು ಸುರಿದು ನೋಡಿ.

ಇನ್ನು ಕಾಲಡಿಯ ಸಂಗತಿ. ಎಷ್ಟೋ ಜನಪ್ರಿಯ ದಂಡೆಗಳಲ್ಲಿ ಮರಳು ಅಲ್ಲಿಯದಲ್ಲ, ಲಾರಿಯಲ್ಲಿ ತಂದು ಸುರಿದದ್ದು. ಅದು ಒಂದಷ್ಟು ದೂರಕ್ಕೆ ಮುಗಿಯುತ್ತೆ. ಗಟ್ಟಿ ಮರಳಿನ ಸಣ್ಣ ಸಣ್ಣ ಏಣುಗಳು ಅಂಗಾಲಿಗೆ ಸಿಗ್ತಿರುವಾಗ ಥಟ್ಟನೆ ಮೆತ್ತಗೆ ಲೋಳೆಯಂಥ ಕೆಸರು ಸಿಕ್ಕಿತು, ಸೊಂಟಕ್ಕೆ ನೀರು ಬೆಚ್ಚಗಿದ್ದರೂ ಕಾಲ್ಬೆರಳಿಗೆ ಚಳಿ ಹತ್ತಿತು ಅಂದರೆ ನಾನು ಮುಂದೆ ಹೋಗಲ್ಲ. ಮುಂದಿನ ಹೆಜ್ಜೆಗೆ ನೆಲವೇ ಸಿಗದಿರಬಹುದು. ಹಾಗೇ, ಸಮುದ್ರದಲ್ಲಿ ಈಜಿ ರೂಢಿಯಾದವರಿಗೆ ಸಿಹಿನೀರಲ್ಲಿ ಮೈ ಅಷ್ಟು ತೇಲಲ್ಲ. ಉಪ್ಪುನೀರು ಲೀಟರಿಗೆ ಸುಮಾರು 25 ಗ್ರಾಂ ಹೆಚ್ಚು ತೂಗುತ್ತೆ, ಮೈಯನ್ನು ಎತ್ತಿ ಹಿಡಿಯೋದು ಆ ವ್ಯತ್ಯಾಸವೇ.

ಮಕ್ಕಳು ಕೈಗೆ ಎಟುಕುವಷ್ಟು ಹತ್ತಿರ ಇರಲಿ. ಮುಳುಗುವ ಮಗು ಕೂಗೋದು ಅಪರೂಪ, ಬಾಯಿ ನೀರಿನ ಮಟ್ಟಕ್ಕೇ ಇರುತ್ತೆ, ಉಸಿರಿಗೇ ಪುರುಸೊತ್ತಿಲ್ಲ. ಆರು ಜನ ದೊಡ್ಡವರಿದ್ದ ಕಡೆ ಯಾರೂ ನೋಡ್ತಿರಲ್ಲ, ಒಬ್ಬೊಬ್ಬರು ಇಷ್ಟಿಷ್ಟು ಹೊತ್ತು ಅಂತ ಪಾಳಿ ಹಾಕಿ, ಪಾಳಿಯವರ ಫೋನ್ ಕಿತ್ಕೊಳ್ಳಿ. ಟ್ಯೂಬ್ ಆಟಿಕೆ ಅಷ್ಟೇ, ಲೈಫ್ ಜಾಕೆಟ್ ಬೇರೆ.

ನೀರಿಂದ ಬಂದ ಕೂಡಲೇ ಮೈಯನ್ನು ಟವೆಲ್‌ನಿಂದ ಗಟ್ಟಿಯಾಗಿ ಒರೆಸಿ. ಬೆಚ್ಚನೆ ಆಳವಿಲ್ಲದ ನೀರಲ್ಲಿ ನೀರುಹಕ್ಕಿಗಳ ಒಂದು ಪರೋಪಜೀವಿಯ ಮರಿಗಳು ಬಸವನಹುಳುಗಳಿಂದ ಹೊರಬಂದು ನಮ್ಮ ಚರ್ಮಕ್ಕೂ ಹತ್ತಿ ಸಾಯ್ತವೆ. ಅಪಾಯವೇನಿಲ್ಲ, ಆದರೆ ಕೆಲವು ದಿನ ಕೆಂಪು ಗುಳ್ಳೆ, ರಾತ್ರಿಯೆಲ್ಲ ಕೆರೆತ. ದಡದ ಬಾತುಗಳಿಗೆ ತಿಂಡಿ ಎಸೆಯಬೇಡಿ ಅನ್ನೋದಕ್ಕೆ ಇದೂ ಒಂದು ಕಾರಣ. ಹಿಂದಿನ ದಿನ ಜೋರು ಮಳೆ ಸುರಿದಿದ್ದರೆ ಊರ ಕೊಳೆಯೆಲ್ಲ ಕೊಚ್ಚಿ ಬಂದಿರುತ್ತೆ, ಎರಡು ದಿನ ಬಿಟ್ಟು ಹೋಗಿ. ಗುಡುಗು ಕೇಳಿದರೆ ತಕ್ಷಣ ಮೇಲಕ್ಕೆ, ಕೊನೆಯ ಗುಡುಗಿನಿಂದ 30 ನಿಮಿಷ ನೀರಿಗೆ ಇಳಿಯೋದಿಲ್ಲ.

ಒಂದು ತೊಡಕು ನಾನೇ ಹೇಳಬೇಕು. 8ಕ್ಕೆ ಹೋಗಿ ಅಂದೆನಲ್ಲ, ಅಷ್ಟೊತ್ತಿಗೆ ಲೈಫ್‌ಗಾರ್ಡ್ ಬಂದಿರದೇ ಇರಬಹುದು. ಅವರ ವೇಳೆ ಸಾಮಾನ್ಯವಾಗಿ ಬೋರ್ಡಿನಲ್ಲಿರುತ್ತೆ. ಅವರು ಕುರ್ಚಿ ಏರುವವರೆಗೆ ಮಕ್ಕಳು ಮರಳಲ್ಲೇ ಕೋಟೆ ಕಟ್ಟಲಿ. ಹೊಂಡ ತೋಡಿದರೆ ಚಿಕ್ಕವನ ಮಂಡಿಗಿಂತ ಆಳ ಬೇಡ, ಅಂಚು ಕುಸಿದು ಮಗು ಹೂತುಹೋದರೆ ಮರಳಿನಿಂದ ಎಳೆದು ತೆಗೆಯೋಕಾಗಲ್ಲ. ಹೊರಡುವಾಗ ಮುಚ್ಚಿಬಿಡಿ.