ಎಲೆಕೋಸಿನ ಕೀಟಗಳಿಗೆ ಹೊದಿಕೆ ಬೆಳೆ: ಯಾವ ಕೀಟಕ್ಕೆ ಯಾವ ಬೆಳೆ?

ನಮಸ್ಕಾರ. ಎಲೆಕೋಸಿನ ಸಾಲುಗಳ ನಡುವೆ ನೆಲ ಮುಚ್ಚುವ ಹೊದಿಕೆ ಬೆಳೆಯಾಗಿ ಅಲಸಂದೆ ಬೆಳೆದರೆ ಸಸ್ಯಹೇನು ಮತ್ತು ವಜ್ರಬೆನ್ನಿನ ಪತಂಗದ ಹುಳು ಎರಡೂ ಹತೋಟಿಗೆ ಬರುತ್ತವೆಯೇ ಎಂದು ಕೇಳಿದ್ದೀರಿ. ಹೇನಿನ ಮಟ್ಟಿಗೆ ಅಲಸಂದೆ ಖಂಡಿತ ನೆರವಾಗುತ್ತದೆ. ಪತಂಗಕ್ಕೆ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ರೆಕ್ಕೆ ಬಂದ ಹೇನುಗಳು ಬರಿಯ ಮಣ್ಣಿನ ನಡುವೆ ಎದ್ದು ಕಾಣುವ ಗಿಡದ ಮೇಲೆ ಸುಲಭವಾಗಿ ಇಳಿಯುತ್ತವೆ. ನೆಲವೂ ಹಸಿರಾಗಿದ್ದರೆ ಹಾಗೆ ಇಳಿಯುವುದು ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾದ ಲಾಭವೆಂದರೆ, ಅಲಸಂದೆಯ ಕುಡಿಗೆ ಮುತ್ತುವ ಕಪ್ಪು ಹೇನು ಕೋಸಿನ ಕೀಟವಲ್ಲ, ಆದರೆ ಅದನ್ನು ತಿನ್ನಲು ಬರುವ ಗುಲಗಂಜಿ ಹುಳುಗಳೂ ಅವುಗಳ ಮರಿಗಳೂ ಕೋಸಿನ ಹೇನನ್ನೂ ತಿನ್ನುತ್ತವೆ. ಆದ್ದರಿಂದ ಕಪ್ಪು ಹೇನು ಕಂಡಿತೆಂದು ಅಲಸಂದೆಗೆ ದಯವಿಟ್ಟು ಔಷಧಿ ಹೊಡೆಯಬೇಡಿ. ಬಳ್ಳಿ ಕೋಸಿನ ಮೇಲೆ ಹಬ್ಬುವ ಮೊದಲೇ ಸಾಲು ಬಿಟ್ಟು ಸಾಲು ಕೊಯ್ದರೆ ಈ ಹುಳುಗಳಿಗೆ ನೆಲೆ ತಪ್ಪುವುದಿಲ್ಲ.

ಪತಂಗವನ್ನು ಕೋಸಿನಿಂದ ತನ್ನತ್ತ ಸೆಳೆಯುವ ಬಲೆ ಬೆಳೆಯಾಗಿ ಸಾಸಿವೆಯೇ ಸರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಕೋಸಿನ ಪ್ರತಿ 25 ಸಾಲಿಗೆ ಎರಡು ಸಾಲು ಸಾಸಿವೆ ಬೇಕು. ಒಂದನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಮೊದಲ ಸಾಲು ಬಲಿತು ಒಣಗುವ ಹೊತ್ತಿಗೆ ಎರಡನೆಯದು ಎಳಸಾಗಿ ಸಿದ್ಧವಿರದಿದ್ದರೆ ಪತಂಗ ಕೋಸಿಗೇ ತಿರುಗುತ್ತದೆ. ಸಾಸಿವೆಯಲ್ಲಿ ಸೇರಿದ ಹುಳುವನ್ನು ಅಲ್ಲಿಯೇ ನಾಶಪಡಿಸಿ, ಕೋಸಿಗೆ ಶೇ. 4ರ ಬೇವಿನ ಬೀಜದ ಕಷಾಯ ಸಿಂಪಡಿಸಿ. ಹಾಗೆಂದು ಕೋಸಿಗೆ ಮುಂಚೆ ಇಡೀ ಹೊಲಕ್ಕೆ ಸಾಸಿವೆ ಬಿತ್ತುವುದು ನನಗೆ ಒಪ್ಪಿಗೆಯಿಲ್ಲ. ಎರಡೂ ಒಂದೇ ಕುಟುಂಬದವಾದ್ದರಿಂದ ಕೀಟ ಮೊದಲೇ ಹೊಲದಲ್ಲಿ ಬೀಡುಬಿಡುತ್ತದೆ.

ಸಿಂಪಡಿಸುವ ಮೊದಲು ಕೋಸಿನ ಎಲೆ ಮಗುಚಿ ನೋಡಿ. ತೆಳ್ಳನೆಯ ಬಲೆಯೊಳಗೆ ಕೋಶ (ಹುಳು ಪತಂಗವಾಗುವ ಮುನ್ನಿನ ಹಂತ) ಕಾಣುತ್ತಿದ್ದರೆ ಅದು ಪತಂಗದ್ದು. ಒಳಗೇನೂ ಕಾಣದಂತೆ ಒತ್ತಾಗಿ ನೇಯ್ದ, ಅಕ್ಕಿ ನುಚ್ಚಿನಂಥ ಬಿಳಿಯ ಗೂಡಾದರೆ ಪತಂಗದ ಹುಳುವಿನೊಳಗೆ ಬೆಳೆದು, ಅದನ್ನು ಕೊಂದು ಹೊರಬಂದ ಕೊಟೇಸಿಯಾ ಎಂಬ ಪುಟ್ಟ ಕಣಜದ್ದು. ಇಂಥ ಬಿಳಿ ಗೂಡುಗಳು ಹೆಚ್ಚಿದ್ದರೆ ಕೀಟನಾಶಕ ಬಳಸದೆ ಕೆಲವು ದಿನ ಕಾಯುವುದು ಒಳ್ಳೆಯದು.

ನಾಟಿಗೆ ಮುಂಚೆ ಸೆಣಬನ್ನು ಹಸಿರೆಲೆ ಗೊಬ್ಬರವಾಗಿ ಬೆಳೆಯುವುದಾದರೆ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಬಿಟ್ಟು ಸಸಿ ನೆಡಿ. ಹಸಿ ಸೊಪ್ಪು ಕೊಳೆಯುವ ಮುನ್ನವೇ ನೆಟ್ಟರೆ ಅದರಡಿ ಅಡಗಿದ ಕಾಂಡ ಕತ್ತರಿಸುವ ಹುಳು ರಾತ್ರಿ ಹೊರಬಂದು ಎಳೆ ಸಸಿಗಳನ್ನು ಬುಡದಲ್ಲೇ ತುಂಡರಿಸುತ್ತದೆ.